ಪಂಪಿನ ಬ್ಯಾಟರಿಯ ಮೇಲೆ ಮೂರೂವರೆ ಪದ

ಸಿಂಧನೂರಿನಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ ಇದೆ. ಆಟೋಗಳ ಮೇಲೆ ಕೂಗಿಸಿಕೊಂಡು ಹೋಗುವ ಪ್ರಚಾರಗಳೇ ಅಲ್ಲಿಯ ಮುಖ್ಯ ಬೆಳೆ. ಅವತ್ತು ಒಂದು ಸೀರೆ ಅಂಗಡಿಯ ಸಲುವಾಗಿ ನಾನೇ ಮೈಕಿನ ಮುಂದೆ ನಿಂತು, "ಬನ್ನಿ, ಬನ್ನಿ, ತಡಮಾಡದೇ ಬನ್ನಿ" ಎಂದು ಕೂಗುತ್ತಿದ್ದೆ. ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಒಳಗೆ ಬಂದಳು.

"ಬಂದೀನಲ್ಲ, ಮತ್ಯಾಕ ಒದರಾಕತ್ತಿ?"

ಅರವತ್ತು ದಾಟಿದ ಹೆಂಗಸು. ಇಳಕಲ್ ಸೀರೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಿಗೆ ಬಿಸಿಲಲ್ಲೂ ಬಿಚ್ಚದ ಉಣ್ಣೆಯ ಮಫ್ಲರು. ಹಿಂದೆ ತೆಳ್ಳಗೆ, ಬಿಳಿ ಗಡ್ಡದ ಒಬ್ಬರು, ಹಾರ್ಮೋನಿಯಂ ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡು ನಿಂತಿದ್ದರು. ಮಸ್ಕಿಯ ತತ್ವಪದದ ಮೇಳದವರು ಅವರು. ಮೇಳದಲ್ಲಿ ಎಲ್ಲರೂ ಆಕೆಯನ್ನು ಮ್ಯಾಳದವ್ವ ಎಂದೂ ಅವರನ್ನು ಚಾಚಾ ಎಂದೂ ಕರೆಯುತ್ತಿದ್ದರು. ಹೊತ್ತು ಮುಳುಗುವುದರೊಳಗೆ ನಾನೂ ಹಾಗೇ ಕರೆಯತೊಡಗಿದೆ.

"ಬರೋ ವಾರ ನನ್ನ ಗಂಟಲು ಕೊಯ್ತಾರಂತ," ಎಂದಳು ಮ್ಯಾಳದವ್ವ, ಬದನೆಕಾಯಿಯ ಸುದ್ದಿ ಹೇಳಿದ ಹಾಗೆ. ಮಫ್ಲರು ಸರಿಸಿ ತೋರಿಸಿದಳು. ಕೊರಳಿನ ಒಂದು ಬದಿಗೆ ನಿಂಬೆಹಣ್ಣಿನಷ್ಟು ಗಂಟು. "ಜೀವಕ್ಕ ಏನಿಲ್ಲಂತ. ಆದ್ರ ದನಿಯ ನರ ಅಲ್ಲೇ ಬಾಜೂಕ ಐತಂತ. ಕೊಯ್ದ ಮ್ಯಾಲ ದನಿ ಹಿಂಗಾ ಇರ್ತೈತಿ ಅಂತ ಡಾಕ್ಟ್ರು ಮಾತು ಕೊಡಾಕ ಒಲ್ಲಂದ್ರು. ಅದಕ್ಕ ಈ ದನಿ ಒಂದ್ಸಲ ತೆಗೆದಿಡು."

ಫೋನಿನಲ್ಲಿ ಯಾರೂ ತೆಗೆದಿಟ್ಟಿಲ್ಲವೇ ಎಂದು ಕೇಳಿದೆ. ಆಕೆ ಫೋನು ತೆಗೆದು ಒಂದು ಪದ ಹಚ್ಚಿದಳು. ಹಾರ್ಮೋನಿಯಂ ಕೇಳಿಸಿತು. ಬಹಳ ಹೊತ್ತು ಹಾರ್ಮೋನಿಯಂ ಮಾತ್ರವೇ ಕೇಳಿಸಿತು. ಅದರ ಕೆಳಗೆ ಎಲ್ಲೋ, ಬಾವಿಯಲ್ಲಿ ಬಿದ್ದವರು ಕರೆದ ಹಾಗೆ, ಈಕೆಯ ದನಿ.

"ಇದು ಫೋನಿಂದು ತಪ್ಪು," ಎಂದರು ಚಾಚಾ.

"ಇದು ಯಾರ ತಪ್ಪು ಅಂತ ಮೂವತ್ತು ವರ್ಷದಿಂದ ಹೇಳಾಕತ್ತೀನಿ," ಎಂದಳು ಆಕೆ.

ಕೆಲಸ ಏನೆಂದು ನನಗೆ ತಿಳಿಯಿತು. ಆಕೆಯ ದನಿಗೆ ಬೇರೆ ಮೈಕು, ಹಾರ್ಮೋನಿಯಂಗೆ ಬೇರೆ, ತಬಲಾಕ್ಕೆ ಬೇರೆ, ಹಿಂದೆ ಹಾಡುವವರಿಗೆ ಬೇರೆ. ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ ಮುದ್ರಣವಾಗಬೇಕು, ಆಮೇಲೆ ಒಂದನ್ನು ಏರಿಸಿ ಇನ್ನೊಂದನ್ನು ತಗ್ಗಿಸಲು ಬರುವ ಹಾಗೆ. ನನ್ನ ಬಳಿ ಎಂಟು ಮೈಕು ಹಿಡಿಯುವ ಪೆಟ್ಟಿಗೆಯೊಂದಿದೆ. ಆದರೆ ಅದು ಹಳೆಯ ಕಾಲದ್ದು. ಡೆಸ್ಕ್‌ಟಾಪ್ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರಿಸಿದ ಒಂದು ಕಾರ್ಡಿನ ಜೊತೆ ಮಾತ್ರ ಮಾತಾಡುತ್ತದೆ. ಲ್ಯಾಪ್‌ಟಾಪಿನ ಮುಖ ಕೂಡ ನೋಡುವುದಿಲ್ಲ. ಅದೇನೂ ತೊಂದರೆಯಲ್ಲ, ಡೆಸ್ಕ್‌ಟಾಪ್ ಕೋಣೆಯಲ್ಲೇ ಇದೆಯಲ್ಲ ಎಂದುಕೊಂಡೆ. ತೊಂದರೆ ಇದ್ದದ್ದು ಕೋಣೆಯಲ್ಲಿ. ಅದರಲ್ಲಿ ನಾನು, ಕಂಪ್ಯೂಟರು ಮತ್ತು ತೆಳ್ಳಗಿನ ಇಬ್ಬರು ಗಿರಾಕಿಗಳು ಹಿಡಿಯುತ್ತೇವೆ. ಮೇಳದಲ್ಲಿ ಎಂಟು ಜನ.

"ಒಬ್ಬೊಬ್ಬರನ್ನ ಕರೆದು ಬ್ಯಾರೆ ಬ್ಯಾರೆ ತೆಗಿತೀನಿ, ಆಮ್ಯಾಲೆ ಕೂಡಿಸ್ತೀನಿ," ಎಂದೆ.

"ಪದ ಅಂದ್ರ ಮದುವಿ ಊಟೇನು, ಬ್ಯಾರೆ ಬ್ಯಾರೆ ಮಾಡಿ ಎಲಿ ಮ್ಯಾಗ ಕೂಡಸಾಕ? ಮುಖ ಮುಖ ನೋಡಿಕೋತ ಹಾಡಿದ್ರ ಪದ. ಇಲ್ಲಂದ್ರ ಸೀರಿ ಅಂಗಡಿ."

ದೊಡ್ಡ ಜಾಗ ಹುಡುಕಿದೆವು. ಭತ್ತ ಮನೆಗೆ ಬರುವ ಕಾಲ ಅದು. ಸಿಂಧನೂರಿನ ಯಾವ ಹಾಲಿನಲ್ಲಿ ಕೂತರೂ ರೈಸ್ ಮಿಲ್ಲಿನ ಗುಂಯ್ ಎನ್ನುವ ಸದ್ದು ನೆಲದಿಂದಲೇ ಏರಿ ಬರುತ್ತಿತ್ತು. ಅದು ನಿಂತರೆ ಟ್ರ್ಯಾಕ್ಟರಿನವರು ಸ್ಪೀಕರು ಹಚ್ಚಿಕೊಂಡು ಬರುತ್ತಿದ್ದರು. ಕೊನೆಗೆ ಮ್ಯಾಳದವ್ವನೇ ಹೇಳಿದಳು: ಮಸ್ಕಿಯ ಗುಡ್ಡದ ಹಿಂಬದಿಗೆ ಒಂದು ಕಲ್ಲಿನ ಮಂಟಪ ಇದೆ, ಮೂರು ಕಡೆ ಗೋಡೆ, ಮೇಳದವರು ತಾಲೀಮು ಮಾಡುವುದು ಅಲ್ಲೇ. "ಅಲ್ಲಿ ಒಂದು ಕಾಗಿ ಕೂಗಿದ್ರ ಅದಕ್ಕಾ ನಾಚಿಕಿ ಬರ್ತೈತಿ, ಅಷ್ಟು ಸುಮ್ಮನ ಇರ್ತೈತಿ."

"ಕರೆಂಟು?"

"ಕರೆಂಟಿದ್ರ ಸುಮ್ಮನ ಯಾಕ ಇರ್ತಿತ್ತು?"

ಜನರೇಟರ್ ತರಿಸಿದರೆ ಅದರ ಢಬಢಬ ಸದ್ದೇ ಪಲ್ಲವಿಯಾಗುತ್ತದೆ. ಹಾಗಾಗಿ ಉಳಿದದ್ದು ಒಂದೇ ದಾರಿ. ಗೋಡೆಗೆ ಚುಚ್ಚಿಟ್ಟರೆ ಮಾತ್ರ ಬದುಕುವ ನನ್ನ ಡೆಸ್ಕ್‌ಟಾಪನ್ನು ಗುಡ್ಡಕ್ಕೆ ಹೊತ್ತು, ಬ್ಯಾಟರಿಯ ಮೇಲೆ ನಡೆಸಬೇಕು.

ಮೊದಲು ಅದು ಎಷ್ಟು ತಿನ್ನುತ್ತದೆ ಎಂದು ತಿಳಿಯಬೇಕಿತ್ತು. ಪ್ಲಗ್ಗಿನ ನಡುವೆ ಇಡುವ ವ್ಯಾಟ್ ಮೀಟರೊಂದನ್ನು ತಂದು ಹಚ್ಚಿದೆ. ಮಾನಿಟರು, ಮೈಕಿನ ಪೆಟ್ಟಿಗೆ ಎಲ್ಲ ಸೇರಿ ನೂರಾ ಎಪ್ಪತ್ತು ವ್ಯಾಟ್. ನಾನು ಬಟ್ಟೆಬಿಚ್ಚಿಸುವ ಡಾಕ್ಟರಂತೆ ಅದರ ಪಕ್ಕೆಯ ತಗಡು ತೆಗೆದೆ. ಗ್ರಾಫಿಕ್ಸ್ ಕಾರ್ಡು ಕಿತ್ತೆ. ಹಾಡಿಗೆ ಚಿತ್ರ ಯಾಕೆ? ಸಿ.ಡಿ. ಡ್ರೈವಿನ ವೈರು ಬಿಚ್ಚಿದೆ. ಎರಡನೇ ಹಾರ್ಡ್ ಡಿಸ್ಕ್ ತೆಗೆದೆ. ಮಾರಿದವನು ಪ್ರೀತಿಯಿಂದ ಕೂರಿಸಿದ್ದ, ಬಣ್ಣಬಣ್ಣದ ದೀಪ ಮಿನುಗುವ ಫ್ಯಾನು ತೆಗೆದೆ. ಪ್ರೊಸೆಸರಿನ ವೇಗ ತಗ್ಗಿಸಿದೆ, ಮಾನಿಟರಿನ ಬೆಳಕನ್ನು ಮುಸ್ಸಂಜೆಯ ಮಟ್ಟಕ್ಕೆ ಇಳಿಸಿದೆ. ಮೀಟರು ತೊಂಬತ್ತಕ್ಕೆ ಬಂದು ನಿಂತಿತು. ಅದರಲ್ಲಿ ಮಾನಿಟರೊಂದೇ ಮೂವತ್ತರ ಹತ್ತಿರ ಕುಡಿಯುತ್ತಿತ್ತು. ಆದರೆ ಮಾನಿಟರಿಲ್ಲದೆ ಕೆಲಸ ಹೇಗೆ ಎಂದು ಅದರ ತಂಟೆಗೆ ಹೋಗಲಿಲ್ಲ.

ಬ್ಯಾಟರಿಗೆ ಲಿಂಗಸುಗೂರಿನ ಒಬ್ಬ ಮೇಸ್ತ್ರಿಯನ್ನು ಹಿಡಿದೆ. ಮನೆಗಳಿಗೆ ಇನ್ವರ್ಟರ್ ಹಚ್ಚುವವನು. ಅನುಮಾನ ಎನ್ನುವುದು ಅವನ ಮೈಯಲ್ಲಿ ಇರಲಿಲ್ಲ.

"ನೂರೈವತ್ತು ಆಂಪಿಯರ್ ಬ್ಯಾಟರಿ ಕೊಡ್ತೀನ್ರೀ ಮೇಡಂ. ಬರೇ ಕಂಪ್ಯೂಟರ್ ಏನು, ಗುಡ್ಡದ ಮ್ಯಾಲೆ ಮಿಕ್ಸರ್ ಹಚ್ಚಿ ಚಟ್ನಿ ರುಬ್ರಿ. ಮೂರು ದಿನ ಜಗ್ಗಂಗಿಲ್ಲ."

"ಇನ್ವರ್ಟರ್ ಪಕ್ಕಾ ಸೈನ್ ವೇವ್ ಇರಬೇಕು. ಕಡಿಮೆ ದರ್ಜೆಯದಾದ್ರ ಮೈಕಿನಾಗ ಜೀರುಂಡಿ ಕೂಗಿದಂಗ ಕೇಳಿಸ್ತೈತಿ."

"ನಂದು ಹಾಲಿನಂಥ ಕರೆಂಟ್ರೀ," ಎಂದ.

ನಿಗದಿಯಾದ ಬೆಳಿಗ್ಗೆ ಎಲ್ಲರೂ ಗುಡ್ಡದ ಬುಡದಲ್ಲಿ ಕೂಡಿದೆವು. ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು ಮೇಳದ ಹೆಂಗಸೊಬ್ಬಳು, ನೀರಿನ ಕೊಡ ಹೊತ್ತವಳ ಸರಾಗದಲ್ಲಿ, ಹಿಂದೆ ತಿರುಗಿ ನೋಡದೆ ಏರಿಹೋದಳು. ಬ್ಯಾಟರಿಯ ಕಥೆ ಬೇರೆ. ಅದು ಒಬ್ಬ ಮನುಷ್ಯನಷ್ಟು ಭಾರ. ಬಿದಿರಿನ ಗಳಕ್ಕೆ ಹಗ್ಗ ಬಿಗಿದು, ಅದನ್ನು ಪಲ್ಲಕ್ಕಿಯಂತೆ ತೂಗುಬಿಟ್ಟು, ತಬಲಾದವರೂ ತಾಳದವರೂ ಹೆಗಲು ಕೊಟ್ಟರು. ಮೇಸ್ತ್ರಿ ಮುಂದೆ ಹಿಂದುಹಿಂದಾಗಿ ನಡೆಯುತ್ತಾ ಅಪ್ಪಣೆ ಕೊಡುತ್ತಿದ್ದ: "ಎಡಕ್ಕ! ಬಲಕ್ಕ! ಸೀದಾ ಹಿಡೀರಿ, ಒಳಗ ಆಸಿಡ್ ಐತಿ!"

ಹಿಂದುಹಿಂದಾಗಿ ನಡೆಯುವವನಿಗೆ ಕಲ್ಲು ಕಾಣುವುದಿಲ್ಲ. ಮೇಸ್ತ್ರಿ ಎಡವಿ ಕೂತ. ಅವನನ್ನು ತುಳಿಯಬಾರದೆಂದು ಮುಂದಿನವರು ಬಗ್ಗಿದರು, ಹಿಂದಿನವರಿಗೆ ಅದು ತಿಳಿಯಲಿಲ್ಲ. ಪಲ್ಲಕ್ಕಿ ಹಗ್ಗದಿಂದ ಜಾರಿ ಬಂಡೆಯ ಮೇಲೆ ಮೂಲೆಯೂರಿ ಬಿತ್ತು. ಬುಡ ಸೀಳಿತು, ಆಸಿಡ್ ಸಿಡಿದು ಮೇಸ್ತ್ರಿಯ ಪ್ಯಾಂಟಿಗೆ ಬಡಿಯಿತು.

"ನೀರು! ನೀರು!" ಎಂದು ನಾನು ಕೂಗುವುದರೊಳಗೆ ಮ್ಯಾಳದವ್ವ ಕುಡಿಯುವ ನೀರಿನ ಕ್ಯಾನನ್ನೇ ಎತ್ತಿ ಅವನ ಮೇಲೆ ಸುರಿಯತೊಡಗಿದಳು. ಕ್ಯಾನು ಮುಗಿಯುವವರೆಗೂ ಸುರಿದಳು. ಕಾಲಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಪ್ಯಾಂಟು ಮಾತ್ರ ನಾವು ನೋಡನೋಡುತ್ತಿದ್ದಂತೆ ಜರಡಿಯಾಯಿತು. ಚಾಚಾ ತಮ್ಮ ಚೀಲದಿಂದ ಒಂದು ಚೌಕಡಿ ಲುಂಗಿ ತೆಗೆದುಕೊಟ್ಟರು. ಬಂಡೆಯ ಮರೆಗೆ ಹೋಗಿ ಉಟ್ಟುಕೊಂಡು ಬಂದ ಮೇಸ್ತ್ರಿ ಬ್ಯಾಟರಿಯನ್ನು ಪರೀಕ್ಷಿಸಿ ಗಂಭೀರವಾಗಿ ಹೇಳಿದ:

"ಇದು ಹೋಗೇತ್ರೀ."

ಅದು ನಮಗೂ ಗೊತ್ತಿತ್ತು. ಅವನ ಅಂಗಡಿಯಲ್ಲಿ ಅಂಥದ್ದು ಇನ್ನೊಂದು ಇರಲಿಲ್ಲ. ಇದ್ದರೂ ಅದನ್ನು ಈ ದಾರಿಯಲ್ಲಿ ಹೊರಲು ಹೆಗಲುಗಳು ಒಪ್ಪುತ್ತಿರಲಿಲ್ಲ. ಮ್ಯಾಳದವ್ವ ದವಾಖಾನೆಗೆ ಹೊರಡಬೇಕಾದದ್ದು ನಾಡಿದ್ದು. ಹೊತ್ತಿಗೆ ಮೊದಲೇ ಸೋತವರಂತೆ ಎಲ್ಲರೂ ಬಂಡೆಗಳ ಮೇಲೆ ಕೂತೆವು. ಆಕೆ ಮಫ್ಲರಿನ ಮೇಲಿಂದ ಗಂಟನ್ನು ಸವರಿಕೊಳ್ಳುತ್ತಾ ಯೋಚಿಸುತ್ತಿದ್ದಳು. ಅಂಜಿಕೆ ಅವಳಿಗೂ ಇದೆ ಎಂದು ನನಗೆ ಆಗಲೇ ಕಂಡದ್ದು.

"ಬ್ಯಾಟರಿ ಅಂದ್ರ ದೊಡ್ಡದಾ ಆಗಬೇಕೇನು?" ಎಂದು ಕೇಳಿದಳು. "ಎಣ್ಣಿ ಹೊಡಿಯೋ ಪಂಪಿನಾಗ ಸಣ್ಣದು ಇರ್ತೈತಲ್ಲ?"

ನಾನು ಮೇಸ್ತ್ರಿಯ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಭತ್ತದ ಗದ್ದೆಗೆ ಔಷಧಿ ಸಿಂಪಡಿಸುವ, ಬೆನ್ನಿಗೆ ಕಟ್ಟಿಕೊಳ್ಳುವ ಪಂಪು. ಅದರ ತಳದಲ್ಲಿ ಹನ್ನೆರಡು ವೋಲ್ಟಿನ ಇಟ್ಟಿಗೆಯಂಥ ಬ್ಯಾಟರಿ. ಒಂದರಿಂದ ನನ್ನ ಕಂಪ್ಯೂಟರು ಎದ್ದು ಆಕಳಿಸುವುದರೊಳಗೆ ಮಲಗುತ್ತದೆ. ಆದರೆ ಹತ್ತು ಹನ್ನೆರಡನ್ನು ಅಕ್ಕಪಕ್ಕ ಜೋಡಿಸಿದರೆ, ಕೂಡು ಕುಟುಂಬದ ಹಾಗೆ, ಒಂದಿಷ್ಟು ಹೊತ್ತು ಹೊರೆ ಹೊರುತ್ತವೆ. ಕಾಲುವೆ ಸೀಮೆಯಲ್ಲಿ ಮನೆಗೊಂದು ಪಂಪು ಇದ್ದೇ ಇರುತ್ತದೆ. ಮ್ಯಾಳದವ್ವನ ಬಳಗ ಜವಳಗೇರಾ, ತುರ್ವಿಹಾಳ, ದಢೇಸುಗೂರು ಎಲ್ಲೆಡೆ ಹಬ್ಬಿತ್ತು. ಆಕೆ ಅಲ್ಲೇ ಬಂಡೆಯ ಮೇಲೆ ಕೂತು ಫೋನು ಹಚ್ಚತೊಡಗಿದಳು.

"ಹಲೋ, ನಾನಬೇ. ನಾಳೆ ಮುಂಜಾನಿ ನಿನ್ನ ಗಂಡನ್ನ ಪಂಪಿನ ಜೋಡಿ ಕಳಿಸು. ಯಾಕ ಅಂತ ಕೇಳಬ್ಯಾಡ. ರಾತ್ರಿ ಚಾರ್ಜಿಗೆ ಹಾಕು. ಗಂಡನ್ನಲ್ಲ, ಪಂಪನ್ನ!"

ಬ್ಯಾಟರಿಯನ್ನಷ್ಟೇ ತರಬೇಕೆಂದು ಹೇಳುವುದನ್ನು ಆಕೆ ಮರೆತಿದ್ದಳು. ಮರುದಿನ ಬೆಳಿಗ್ಗೆ ಬಸ್ಸಿಳಿದು, ಟಂಟಂ ಇಳಿದು, ಬೈಕಿನಲ್ಲಿ ಬಂದು, ಬೀಗರು ನೆಂಟರೆಲ್ಲ ಬೆನ್ನಿಗೆ ಇಡೀ ಪಂಪನ್ನೇ ಕಟ್ಟಿಕೊಂಡು ಸಾಲಾಗಿ ಗುಡ್ಡ ಏರಿದರು. ಕೈಯಲ್ಲಿ ಸಿಂಪಡಿಸುವ ಕೊಳವೆ ಬೇರೆ. ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕ ಕೋಲೂರಿ ನಿಂತು ಈ ದಂಡನ್ನು ನೋಡಿ, ಕಡೆಯವನನ್ನು ತಡೆದು ಕೇಳಿದ:

"ಯಪ್ಪಾ, ಈ ಗುಡ್ಡಕ್ಕ ಏನು ರೋಗ ಬಂದೈತಿ?"

"ಗುಡ್ಡಕ್ಕಲ್ಲೋ, ಕಂಪ್ಯೂಟರಿಗೆ," ಎಂದು ಅವನು ಹೇಳಿಹೋದ.

ಮೇಸ್ತ್ರಿ ಅವತ್ತೂ ಲುಂಗಿಯಲ್ಲೇ ಬಂದಿದ್ದ. ಹಾಯಾಗಿರುತ್ತದಂತೆ. ಎಲ್ಲ ಬ್ಯಾಟರಿಗಳನ್ನೂ ಹೊರತೆಗೆದು ಸಾಲಾಗಿಟ್ಟು, ಕೆಂಪಿಗೆ ಕೆಂಪು, ಕರಿಗೆ ಕರಿ ತಂತಿ ಬಿಗಿಯಲು ಹೊರಟ. ನಾನು ತಡೆದೆ. ತುಂಬಿದ ಬ್ಯಾಟರಿಯ ಪಕ್ಕ ಖಾಲಿಯಾದದ್ದನ್ನು ಕಟ್ಟಿದರೆ ತುಂಬಿದ್ದು ತನ್ನದನ್ನೆಲ್ಲ ಅದಕ್ಕೆ ಸುರಿಯುತ್ತದೆ, ತಂತಿ ಕಾಯುತ್ತದೆ, ನಮ್ಮ ಕೆಲಸಕ್ಕೆ ಯಾವುದೂ ಉಳಿಯುವುದಿಲ್ಲ. ಮಲ್ಟಿಮೀಟರ್ ಹಿಡಿದು ಒಂದೊಂದರ ವೋಲ್ಟೇಜ್ ಅಳೆದೆ. ಹನ್ನೆರಡೂವರೆ ದಾಟಿದವು ಒಂದು ಕಡೆ, ಹನ್ನೆರಡರ ಕೆಳಗಿದ್ದವು ಇನ್ನೊಂದು ಕಡೆ. ಇದು ಜಾತಕ ನೋಡುವ ಕೆಲಸದಂತಾಯಿತು. ಪ್ರತಿಯೊಬ್ಬರೂ ತಮ್ಮ ಬ್ಯಾಟರಿಯ ಸರದಿ ಬಂದಾಗ ಉಸಿರು ಬಿಗಿಹಿಡಿದು ನಿಂತರು.

ಜವಳಗೇರಾದ ಬೀಗರದ್ದು ಹತ್ತೂ ಚಿಲ್ಲರೆ ತೋರಿಸಿತು.

"ಇದು ಬ್ಯಾಡ್ರೀ," ಎಂದೆ.

"ಯಾಕ ಬ್ಯಾಡ? ಅಷ್ಟು ದೂರದಿಂದ ಹೊತ್ತು ತಂದೀನಿ. ಅವರ ತುರ್ವಿಹಾಳದವರದು ಆಗ್ತೈತಿ, ನಮ್ಮದು ಆಗಂಗಿಲ್ಲೇನು?"

ಮದುವೆಯೊಂದು ಮುರಿಯುವ ಮಟ್ಟಕ್ಕೆ ಮಾತು ಹೋಯಿತು. ಮ್ಯಾಳದವ್ವ ನಡುವೆ ಬಂದು, "ನಿಮ್ಮದು ಹಿರೇದು ಐತ್ರಿ, ಅದಕ್ಕ ಕೆಲಸ ಹಚ್ಚಬಾರದು, ಕಟ್ಟಿ ಮ್ಯಾಲೆ ಕೂಡಿಸಬೇಕು," ಎಂದು ಆ ಬ್ಯಾಟರಿಯನ್ನು ಮಂಟಪದ ಎತ್ತರದ ಕಲ್ಲಿನ ಮೇಲೆ ಇಡಿಸಿದಳು. ಬೀಗರು ಶಾಂತರಾಗಿ ಅದರ ಪಕ್ಕವೇ ಕೂತರು.

ಪಾಸಾದವನ್ನು ದಪ್ಪ ತಾಮ್ರದ ತಂತಿಯಿಂದ ಜೋಡಿಸಿ, ನಡುವೆ ಫ್ಯೂಸ್ ಕೊಟ್ಟು ಇನ್ವರ್ಟರಿಗೆ ಕಟ್ಟಿದೆವು. ಲೆಕ್ಕ ಹಾಕಿದೆ: ಹಳೆಯ ಬ್ಯಾಟರಿಗಳು ಬರೆದಷ್ಟು ಕೊಡುವುದಿಲ್ಲ, ಅರ್ಧ ಕೊಟ್ಟರೆ ಪುಣ್ಯ, ಇನ್ವರ್ಟರ್ ತನ್ನ ಪಾಲು ನುಂಗುತ್ತದೆ. ಹೆಚ್ಚೆಂದರೆ ಎರಡು ತಾಸು. ನಾಲ್ಕು ಪದಗಳಿಗೆ ಧಾರಾಳ ಸಾಕು ಎಂದುಕೊಂಡೆ. ಕಂಪ್ಯೂಟರಿನ ಫ್ಯಾನಿನ ಸದ್ದು ಕೇಳಬಾರದೆಂದು ಅದನ್ನು ಗೋಡೆಯ ಆಚೆಗಿಟ್ಟು, ಅದೂ ಮೇಳವೂ ಕಾಣುವಂತೆ ಗೋಡೆಯ ತುದಿಗೆ ನನ್ನ ಜಾಗ ಮಾಡಿಕೊಂಡು, ಕಲ್ಲು ಮಾರ್ದನಿ ಕೊಡದಂತೆ ಗೋಡೆಗಳಿಗೆ ಕೌದಿ ತೂಗುಹಾಕಿದೆವು. ಮೈಕುಗಳು ನಿಂತವು. ಬಟನ್ ಒತ್ತಿದೆ. ಕಂಪ್ಯೂಟರು ಎದ್ದಿತು. ಪಂಪಿನವರೆಲ್ಲ ಚಪ್ಪಾಳೆ ತಟ್ಟಿದರು.

ಹೆಡ್‌ಫೋನ್ ಹಾಕಿಕೊಂಡರೆ ಕಿವಿಯ ತುಂಬ ಜೇನುಗೂಡು. ಹೂಂಂಂ ಎನ್ನುವ ಸದ್ದು, ಎಂಟೂ ಮೈಕಿನಲ್ಲಿ.

"ಹಾಲಿನಂಥ ಕರೆಂಟು ಅಂದಿದ್ದೆಲ್ಲಪ್ಪ?"

"ಹಾಲು ಹಾಲಾ ಐತ್ರಿ. ನಿಮ್ಮ ಪಾತ್ರಿ ನೋಡಿಕೊಳ್ರಿ," ಎಂದ ಮೇಸ್ತ್ರಿ.

ಕೇಬಲ್ಲುಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಬ್ಯಾಟರಿ ಇಳಿಯುತ್ತಿತ್ತು, ಹೂಂಕಾರ ನಿಲ್ಲಲಿಲ್ಲ. ಬೇಸತ್ತು ಕಂಪ್ಯೂಟರಿನ ತಗಡಿನ ಮೇಲೆ ಕೈಯಿಟ್ಟೆ. ಸದ್ದು ಅರ್ಧಕ್ಕೆ ಇಳಿಯಿತು. ಕೈ ತೆಗೆದೆ, ಏರಿತು. ಆಗ ಹೊಳೆಯಿತು. ಊರಲ್ಲಿ ಗೋಡೆಯ ಪ್ಲಗ್ಗಿನ ಮೂರನೇ ತೂತು ನೆಲಕ್ಕೆ ಸೇರಿರುತ್ತದೆ. ಇಲ್ಲಿ ನೆಲವೇ ಇಲ್ಲದೆ ತೇಲುತ್ತಿದ್ದ ಕಂಪ್ಯೂಟರಿಗೆ ನನ್ನ ಬರಿಗಾಲೇ ಅರ್ಥಿಂಗ್ ಆಗಿತ್ತು. ಬ್ಯಾಟರಿಗಳನ್ನು ಜೋಡಿಸಿ ಉಳಿದ ತಾಮ್ರದ ತಂತಿ ಇತ್ತು; ಕುರಿಯ ಮುದುಕನಿಂದ ಕಬ್ಬಿಣದ ಹಾರಿಯೊಂದನ್ನು ಇಸಿದುಕೊಂಡು ಮಂಟಪದ ಬದಿಯ ಮಣ್ಣಿಗೆ ಬಡಿದು, ತಂತಿಯಿಂದ ತಗಡಿಗೆ ಕಟ್ಟಿದೆವು. ಒಣ ಮಣ್ಣಿನಲ್ಲಿ ಹಾರಿಯಿಂದ ಏನೂ ಉಪಯೋಗವಾಗಲಿಲ್ಲ. ಉಪ್ಪುನೀರು ಹೊಯ್ಯಿರಿ ಎಂದೆ. ಬುತ್ತಿಯ ಉಪ್ಪನ್ನು ಚೊಂಬಿನ ನೀರಿಗೆ ಕದಡಿ ಮೇಳದ ಹೆಂಗಸು ಹಾರಿಯ ಬುಡಕ್ಕೆ ಹೊಯ್ದಳು. ಕಿವಿಯೊಳಗಿನ ಜೇನು ಎದ್ದು ಹಾರಿಹೋಯಿತು.

ಮುಖ ಅರಳಿದ್ದನ್ನು ನೋಡಿ ಆಕೆ ಇನ್ನೊಂದು ಚೊಂಬು ಹೊಯ್ದಳು. ಸ್ವಲ್ಪ ಹೊತ್ತಿಗೆ ಯಾರೋ ಹಾರಿಗೆ ವಿಭೂತಿ ಹಚ್ಚಿದರು. ನಾನು ಬೇಡವೆನ್ನಲಿಲ್ಲ. ವಿಭೂತಿಗೆ ವ್ಯಾಟು ಹಿಡಿಯುವುದಿಲ್ಲ.

ಆದರೆ ಹುಡುಕಾಟಕ್ಕೆ ಹಿಡಿದಿತ್ತು. ನಮ್ಮ ಎರಡು ತಾಸಿನ ದೊಡ್ಡ ಪಾಲು ಅಲ್ಲೇ ಕರಗಿತ್ತು.

ಮೊದಲ ಪದ ಶುರುವಾಯಿತು. ಎರಡನೇ ನುಡಿಗೆ ಚಾಚಾ ಅವರ ಫೋನು ರಿಂಗಾಯಿತು. ಮತ್ತೆ ಶುರುವಾಯಿತು. ಈ ಸಲ ಕುರಿಗಳು ಮಂಟಪದ ನೆರಳಿಗೆ ಬಂದು, ತಾಳಕ್ಕೆ ಸರಿಯಾಗಿ ಅಲ್ಲ, ಅಷ್ಟೊಂದು ತಪ್ಪಾಗಿಯೂ ಅಲ್ಲ, ಬ್ಯಾ ಎಂದವು. ಪಂಪಿನವರು ಕುರಿಗಳನ್ನು ಅಟ್ಟಿದರು. ಮೂರನೇ ಸಲಕ್ಕೆ ಮ್ಯಾಳದವ್ವ ನಡುವೆಯೇ ಹಾಡು ನಿಲ್ಲಿಸಿ ಕಣ್ಣು ತೆರೆದಳು.

"ನಿನ್ನ ಪೆಟಗಿಗೆ ಮೆಲ್ಲಕ ಅನ್ನೋದು ಗೊತ್ತಾ ಇಲ್ಲೇನು?"

"ಆಪಾ, ಸುರ್ ಹಿಡಿಬೇಕಂದ್ರ ಹವಾ ಬೇಕಲ್ಲ. ಹವಾ ಇಲ್ಲದ ಪೇಟಿ ಯಾವ ಪೇಟಿ?" ಎಂದರು ಚಾಚಾ. ಅಕ್ಕ ಎನ್ನುವ ಬದಲು ಅವರು ಆಕೆಯನ್ನು ಆಪಾ ಎನ್ನುತ್ತಿದ್ದರು.

"ಮೂವತ್ತು ವರ್ಷ ನಾ ನಿನ್ನ ಹವಾದಾಗ ಹಾಡೀನಿ."

"ಅಚ್ಛಾ! ಮತ್ತ ಮೂವತ್ತು ವರ್ಷ ಸುರ್ ಯಾರು ಕೊಟ್ಟಾರ?"

ತಬಲಾದವರು ಚಾಚಾನ ಕಡೆ, ಹಿಂದೆ ಹಾಡುವವರು ಆಕೆಯ ಕಡೆ. ಪಂಪಿನವರು ಯಾರ ಕಡೆಯೂ ಇಲ್ಲ. ನಾನು ಇನ್ವರ್ಟರಿನ ತಂತಿಗೆ ಮಲ್ಟಿಮೀಟರ್ ಹಿಡಿದೆ. ಅಂಕಿ ಕಣ್ಣೆದುರಿಗೇ ಇಳಿಯುತ್ತಿತ್ತು.

"ಜಗಳಾನೂ ಬ್ಯಾಟರಿ ತಿಂತೈತ್ರೀ!" ಎಂದು ಕಿರುಚಿದೆ. "ನೀವು ಹಾಡ್ರಿ, ಬೈಯ್ರಿ, ಸುಮ್ಮನ ಕೂಡ್ರಿ, ಈ ಮಿಷಿನ್ನಿಗೆ ಎಲ್ಲ ಒಂದಾ!"

ಅದೇ ಹೊತ್ತಿಗೆ ಇನ್ವರ್ಟರ್ ಕುಂಯ್, ಕುಂಯ್ ಎಂದು ಎಚ್ಚರಿಕೆ ಕೊಡತೊಡಗಿತು. ಬ್ಯಾಟರಿ ತಗ್ಗಿದೆ ಎನ್ನುವ ಸದ್ದು. ಜಗಳ ಅಲ್ಲಿಗೇ ನಿಂತಿತು. ಮೇಸ್ತ್ರಿ ಓಡಿಹೋಗಿ ಆ ಸದ್ದು ಬರುವ ತೂತಿಗೆ ಟೇಪು ಮೆತ್ತಿದ. ಕುಂಯ್ ಎನ್ನುವುದು ಕ್ಷೀಣವಾಯಿತು, ನಿಲ್ಲಲಿಲ್ಲ. ಅದರ ಮೇಲೆ, ತಬಲಾದವರು ಡಗ್ಗಾಕ್ಕೆ ಮೆತ್ತಲು ತಂದಿದ್ದ ಕಣಕದ ಒಂದು ಮುದ್ದೆ ಒತ್ತಿ ಮತ್ತೆ ಟೇಪು ಸುತ್ತಿದ. ನಿಂತಿತು. ಅವತ್ತು ಅವನು ಮಾಡಿದ ಅತ್ಯುತ್ತಮ ಕೆಲಸ ಅದು.

ಸದ್ದು ನಿಂತರೂ ಬ್ಯಾಟರಿ ತುಂಬುವುದಿಲ್ಲ. ಉಳಿದದ್ದು ಅರ್ಧ ತಾಸು ಇದ್ದೀತು. ಕೈಯಲ್ಲಿ ಪೂರ್ತಿಯಾದ ಒಂದು ಪದವೂ ಇರಲಿಲ್ಲ. ಪದ ಒಂದೋ ಎರಡೋ ಸಾಕು ಎಂದು ಹೇಳಲು ಬಾಯಿ ತೆರೆದೆ. ಮ್ಯಾಳದವ್ವ ಮಫ್ಲರು ಬಿಚ್ಚಿ ಪಕ್ಕಕ್ಕಿಟ್ಟಿದ್ದಳು. ಹೇಳಲಾಗಲಿಲ್ಲ.

ಮಾನಿಟರಿನ ಕಡೆ ನೋಡಿದೆ. ಮೂರರಲ್ಲಿ ಒಂದು ಪಾಲು ಅದೇ ಕುಡಿಯುತ್ತಿದೆ. ಅದು ನನ್ನ ಕಣ್ಣು. ಯಾವ ಮೈಕಿನಲ್ಲಿ ದನಿ ಬರುತ್ತಿದೆ, ಎಲ್ಲಿ ಒಡೆಯುತ್ತಿದೆ, ಮುದ್ರಣ ನಡೆದಿದೆಯೋ ಇಲ್ಲವೋ, ಎಲ್ಲ ಅದರಲ್ಲೇ ಕಾಣಬೇಕು. ಅದನ್ನು ಆರಿಸಿದ ಮೇಲೆ ಏನಾದರೂ ಕೆಟ್ಟರೆ ನನಗೆ ತಿಳಿಯುವುದಿಲ್ಲ. ನಡುವೆ ನಿಲ್ಲಿಸಿ ಮತ್ತೆ ಶುರು ಮಾಡುವ ಹಾಗೂ ಇಲ್ಲ. ಒಂದು ಸಲ ಹಚ್ಚಿದರೆ ನಾಲ್ಕೂ ಪದ ಒಂದೇ ಉಸಿರಿಗೆ.

ಮೇಳದವರಿಗೆ ಹೇಳಿದೆ. "ಇನ್ನ ಮ್ಯಾಲ ನಿಲ್ಲಸಂಗಿಲ್ಲ. ತಪ್ಪಿದ್ರ ತಪ್ಪಿದಂಗಾ ಮುಂದ ನಡಿರಿ. ಪದ ಮುಗಿದ್ರ ಮುಂದಿನದು ಎತ್ರಿ. ನಾ ಇಲ್ಲಿ ಕುರುಡಿ ಆಗಿ ಕುಂದ್ರತೀನಿ, ನನ್ನ ಕೇಳಬ್ಯಾಡ್ರಿ."

"ಅದರಾಗೇನು ಐತಿ?" ಎಂದಳು ಮ್ಯಾಳದವ್ವ. "ಹಾಡುವಾಗ ನಾನೂ ಕಣ್ಣು ಮುಚ್ಚೇ ಇರ್ತೀನಿ. ನೀನೂ ಮುಚ್ಚಿಕೋ."

ರೆಕಾರ್ಡ್ ಒತ್ತಿದೆ. ಎಂಟೂ ಸಾಲು ಓಡತೊಡಗಿದ್ದನ್ನು ನೋಡಿದೆ. ಮಾನಿಟರಿನ ಪ್ಲಗ್ಗು ಕಿತ್ತೆ. ಇನ್ನು ಉಳಿದದ್ದು ಗೋಡೆಯ ಆಚೆ ಮಿಣಮಿಣ ಎನ್ನುವ ಹಾರ್ಡ್ ಡಿಸ್ಕಿನ ಕೆಂಪು ದೀಪ ಒಂದೇ. ಅದರ ಮೇಲೆ ಕಣ್ಣು ನೆಟ್ಟು ಕೈ ಎತ್ತಿದೆ.

ಮೊದಲ ಪದ ಹೋಯಿತು. ಎರಡನೆಯದು, ದೇಹವನ್ನು ಸೋರುವ ಮನೆಯೆಂದು ಬೈದು ಅದರಲ್ಲೇ ಸಂತೋಷದಿಂದ ಸಂಸಾರ ಹೂಡುವ ಪದ, ಎತ್ತಿದಾಗ ಆಕೆಯ ದನಿ ಬಿಚ್ಚಿಕೊಂಡಿತು. ಕೊರಳಿನ ಗಂಟಿನ ಬದಿಯಿಂದ ಎಲ್ಲೋ ಸಣ್ಣಗೆ ಉಜ್ಜಿಕೊಂಡು ಬರುವ, ಜೋಳದ ರೊಟ್ಟಿಯ ಅಂಚಿನಂಥ ದನಿ. ಮೇಲಕ್ಕೆ ಹೋದಾಗ ತೆಳ್ಳಗಾಗದೆ ಅಗಲವಾಗುತ್ತಿತ್ತು. ಅಷ್ಟು ಹೊತ್ತು ವ್ಯಾಟು, ವೋಲ್ಟು ಎಂದು ಹಾರಾಡಿದ ನನಗೆ ಯಾವುದಕ್ಕಾಗಿ ಹಾರಾಡುತ್ತಿದ್ದೆ ಎಂದು ತಿಳಿದದ್ದು ಆಗ. ಚಾಚಾ ಪೇಟಿಯ ಗಾಳಿ ತಿದಿಯನ್ನು ಬೆರಳ ತುದಿಯಲ್ಲಿ ತಟ್ಟುತ್ತಿದ್ದರು, ಮಲಗಿದವರ ಬೆನ್ನು ತಟ್ಟಿದ ಹಾಗೆ. ಅವರಿಗೆ ಮೆಲ್ಲಗೆ ಬಾರಿಸಲು ಬರುತ್ತಿತ್ತು.

ಮೂರನೇ ಪದವೂ ಮುಗಿಯಿತು. ಉಸಿರು ತೆಗೆದುಕೊಳ್ಳದೆ ನಾಲ್ಕನೆಯದನ್ನು ಎತ್ತಿದಳು. ಎರಡು ನುಡಿ ಆಗಿ ಮೂರನೆಯದು ಅರ್ಧಕ್ಕೆ ಬಂದಿರಬೇಕು. ಕೆಂಪು ದೀಪ ಆರಿತು. ಫ್ಯಾನಿನ ಉಸಿರೂ ನಿಂತಿತು.

ಲುಂಗಿ ಎತ್ತಿಕಟ್ಟಿ ಮೇಸ್ತ್ರಿ ನನ್ನ ಕಡೆ ಧಾವಿಸಿದ. "ಮೇಡಂ, ಹೋ..." ಎನ್ನುವಷ್ಟರಲ್ಲಿ ಅವನ ಬಾಯಿಗೆ ಕೈ ಅಡ್ಡಹಿಡಿದೆ. ಮೇಳದವರು ಯಾರೂ ನೋಡಲಿಲ್ಲ. ಸತ್ತ ಹೆಡ್‌ಫೋನನ್ನು ಕಿವಿಯ ಮೇಲೇ ಇಟ್ಟುಕೊಂಡು, ಮುದ್ರಣ ನಡೆದಿದೆ ಎನ್ನುವವಳಂತೆ ನಾನು ತಲೆದೂಗುತ್ತಾ ಕೂತೆ. ಯಾವ ಯಂತ್ರದ ಸದ್ದೂ ಇಲ್ಲದ ಆ ಮಂಟಪದಲ್ಲಿ ಉಳಿದ ನುಡಿಗಳನ್ನು ಆಕೆ ಹಾಡಿ ಮುಗಿಸಿದಳು. ಪಂಪಿನವರು ಕೇಳಿದರು, ಕುರಿಯ ಮುದುಕ ಕೇಳಿದ, ನಾನು ಕೇಳಿದೆ. ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು.

"ಬಂತೇನು?" ಎಂದು ಕಣ್ಣು ತೆರೆದು ಕೇಳಿದಳು.

ನಿಜ ಹೇಳಿದೆ. ಕಡೆಯದು ನಡುವೆ ಹೋಯಿತು. ಮೊದಲಿನವು ಉಳಿದಿವೆಯೋ ಇಲ್ಲವೋ ಊರಿಗೆ ಹೋಗಿ ಕಂಪ್ಯೂಟರು ಹಚ್ಚಿದ ಮೇಲೆಯೇ ಗೊತ್ತಾಗಬೇಕು, ಫೈಲನ್ನು ಮುಚ್ಚುವ ಮೊದಲೇ ಕರೆಂಟು ಹೋಗಿದೆ. ಬೈಗುಳಕ್ಕೆ ತಯಾರಾಗಿ ನಿಂತೆ.

"ನಿಲ್ಲಸು ಅಂತ ಯಾಕ ಹೇಳಲಿಲ್ಲ?"

"ಹೇಳಬೇಕು ಅನ್ನಿಸಲಿಲ್ಲವ್ವ."

ಆಕೆ ಮಫ್ಲರು ಸುತ್ತಿಕೊಂಡು ಬುತ್ತಿ ಬಿಚ್ಚಲು ಹೇಳಿದಳು. ಉಪ್ಪೆಲ್ಲ ಹಾರಿಗೆ ಹೋಗಿದ್ದರಿಂದ ಎಲ್ಲರೂ ಸಪ್ಪೆ ಪಲ್ಯ ತಿಂದೆವು.

ಸಂಜೆಗೆ ಸಿಂಧನೂರಿನ ನನ್ನ ಕೋಣೆಯ ಮುಂದೆ ಮೇಳದವರು, ಪಂಪಿನವರು, ಮೇಸ್ತ್ರಿ ಎಲ್ಲರೂ ಜಮಾಯಿಸಿದ್ದರು. ಕಂಪ್ಯೂಟರನ್ನು ಮತ್ತೆ ಗೋಡೆಗೆ ಚುಚ್ಚಿದೆ. ಎಂಟು ಫೈಲುಗಳಿದ್ದವು. ಎಂಟರ ಮುಂದೆಯೂ ಉದ್ದ ಸೊನ್ನೆ ಎಂದು ಬರೆದಿತ್ತು. ಆದರೆ ಫೈಲಿನ ತೂಕ ನೋಡಿದರೆ ಸೊನ್ನೆಯಲ್ಲ, ಭರ್ತಿ ಚೀಲದಷ್ಟಿತ್ತು. ಚೀಲ ತುಂಬಿದೆ, ಬಾಯಿ ಹೊಲಿದಿಲ್ಲ ಅಷ್ಟೆ. ಫೈಲಿನ ಉದ್ದ, ಅಳತೆ ಬರೆದಿರುವ ತಲೆಯ ಭಾಗವನ್ನು ಲೆಕ್ಕಿಸದೆ, ಒಳಗಿನದನ್ನು ಹಸಿ ದನಿಯೆಂದೇ ಓದಿಕೋ ಎಂದು ಕಂಪ್ಯೂಟರಿಗೆ ಹೇಳಿದೆ. ಮೊದಲ ಸಲ ಬರೀ ಕರ್ಕಶ ಗದ್ದಲ ಬಂತು; ಅಳತೆ ತಪ್ಪಿತ್ತು. ಸರಿಪಡಿಸಿದೆ. ಆಮೇಲೆ ಆಕೆ ಹಾಡಿದಳು.

ಆಕೆಯ ಸಾಲನ್ನು ಒಂದನ್ನೇ ಇಟ್ಟು ಉಳಿದದ್ದೆಲ್ಲ ತಗ್ಗಿಸಿ ಕೇಳಿಸಿದೆ. ಮ್ಯಾಳದವ್ವ ತನ್ನ ದನಿಯನ್ನು ಅಷ್ಟು ಸ್ಪಷ್ಟವಾಗಿ ಕೇಳಿದ್ದು ಅದೇ ಮೊದಲಂತೆ. ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೇಳಿದಳು. ಮೂರು ಪದ, ಮತ್ತೆ ಅರ್ಧ. ನುಡಿಯ ನಡುವೆ ದನಿ ಕತ್ತರಿಸಿ ಬಿತ್ತು.

"ಉಳಿದಿದ್ದು ಬಂದ ಮ್ಯಾಲ ಹಾಡ್ತೀನಿ," ಎಂದಳು ಎದ್ದು ನಿಂತು. "ಅರ್ಧಕ್ಕ ಬಿಟ್ಟ ಪದ ಮೈಗೆ ಒಳ್ಳೇದಲ್ಲ."

ದವಾಖಾನೆಯಲ್ಲಿ ಎಲ್ಲ ಸುಸೂತ್ರವಾಯಿತು. ಮಾತಾಡಬಾರದು ಎಂದು ಡಾಕ್ಟರು ಹೇಳಿದ್ದ ದಿನಗಳಲ್ಲಿ ಇಡೀ ಮನೆ ಹಬ್ಬ ಮಾಡಿತಂತೆ. ಸೊಸೆಯರು ಫೋನಿನಲ್ಲಿ ಪಿಸುಗುಟ್ಟಿ ನಕ್ಕರು. ಆಮೇಲೆ ಬಹಳ ದಿನ ಸುದ್ದಿ ಇರಲಿಲ್ಲ. ಕೇಳಲು ನನಗೂ ಧೈರ್ಯ ಬರಲಿಲ್ಲ. ಗದ್ದೆಗಳಲ್ಲಿ ಮತ್ತೆ ಸಸಿ ನಾಟುವ ಕಾಲಕ್ಕೆ ಒಂದು ದಿನ ಆಕೆ ಬಂದಳು, ಕೊರಳಿಗೆ ಮಫ್ಲರಿರಲಿಲ್ಲ, ಸಣ್ಣ ಗಾಯದ ಗೆರೆ ಇತ್ತು. ಜೊತೆಗೆ ಚಾಚಾ, ಪೇಟಿ ಎತ್ತಿಕೊಂಡು. ತೆಳ್ಳಗಿನ ಇಬ್ಬರು, ಕೋಣೆಗೆ ಸರಿಯಾಗಿ ಹಿಡಿದರು. ಹೊರಗೆ ಯಾವ ಮಿಲ್ಲು ಎಷ್ಟು ಬೇಕಾದರೂ ಗುಂಯ್ ಎನ್ನಲಿ ಎಂದು ಬಾಗಿಲು ಹಾಕಿದೆ.

ಹಳೆಯ ಅರ್ಧವನ್ನು ಕೇಳಿಸಿದೆ. ಅದು ಕತ್ತರಿಸಿ ಬಿದ್ದ ಜಾಗಕ್ಕೆ ಬಂದಾಗ ರೆಕಾರ್ಡ್ ಒತ್ತಿದೆ. ಚಾಚಾ ಪೇಟಿಯ ಎಂದಿನ ಸ್ವರದ ಮನೆಯಲ್ಲೇ ಸುರ್ ಹಿಡಿದರು. ಆಕೆ ಕಣ್ಣು ಮುಚ್ಚಿ ನುಡಿ ಎತ್ತಿದಳು. ದನಿ ಬಂತು. ಆದರೆ ಅದು ಮೊದಲಿನ ಎತ್ತರದಲ್ಲಿರಲಿಲ್ಲ. ಒಂದು ಮೆಟ್ಟಿಲು, ಅಲ್ಲ, ಎರಡು ಮೆಟ್ಟಿಲು ಕೆಳಗೆ ನಿಂತು ಹಾಡುತ್ತಿತ್ತು. ಪೇಟಿಗೂ ದನಿಗೂ ತಾಳೆಯಾಗಲಿಲ್ಲ. ನಾನು ತಲೆ ಎತ್ತಲಿಲ್ಲ.

ಚಾಚಾ ತಿದಿಯನ್ನು ಅಲ್ಲೇ ನಿಲ್ಲಿಸಿದರು. ಬೆರಳುಗಳನ್ನು ಮೆಲ್ಲಗೆ ಎಡಕ್ಕೆ ಎರಡು ಮನೆ ಸರಿಸಿ ಮತ್ತೆ ಗಾಳಿ ತುಂಬಿದರು. ಪೇಟಿಯೂ ದನಿಯೂ ಒಂದಾದವು.

"ಹಾಂ ಆಪಾ," ಎಂದರು. "ಈಗ ಹಾಡು."

ಮ್ಯಾಳದವ್ವ ಒಂದು ಕಣ್ಣು ತೆರೆದಳು.

"ನಾ ಹಾಡಾಕತ್ತೇ ಇದ್ದೆ," ಎಂದಳು. "ನೀ ಈಗ ಬಂದಿ."